ಕೆಂಪಿನಿಂದ ಬೂದಿಗೆ: ಜ್ವಾಲಾಮುಖಿ ಚಿತ್ರಗಳ ರಸಿಕರಿಗೊಂದು ಕೈಪಿಡಿ

ಬೇಲೂರು, ಹಳೇಬೀಡು, ಅರಸೀಕೆರೆಯ ಗುಡಿಗಳನ್ನು ನೋಡುತ್ತ ಬೆಳೆದವರಿಗೆ ಜ್ವಾಲಾಮುಖಿ ಪರದೇಶದ ಸಂಗತಿ ಅನ್ನಿಸುವುದು ಸಹಜ. ಆದರೆ ಆ ಗುಡಿಗಳ ಬಳಪದ ಕಲ್ಲಿನಂಥ ಕಲ್ಲು ಹುಟ್ಟುವುದೇ ಮೆಗ್ನೀಸಿಯಂ ತುಂಬಿದ ಅಗ್ನಿಶಿಲೆ ನೆಲದಾಳದ ಕಾವು, ಒತ್ತಡ, ನೀರಿಗೆ ಸಿಕ್ಕಿ ಮಾರ್ಪಟ್ಟಾಗ. ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ 300 ಕೋಟಿ ವರ್ಷಕ್ಕೂ ಹಿಂದೆ ಉಕ್ಕಿದ ಲಾವಾದ ಗುರುತುಗಳಿವೆ. ನಮ್ಮ ಜಿಲ್ಲೆಯ ಆ ಬೆಂಕಿ ಎಂದೋ ಆರಿತು. ಅಂಥದ್ದು ಹೇಗಿರುತ್ತದೆಂದು ನಾವು ಕೂತಲ್ಲೇ ಕಾಣಲು ಸಾಕ್ಷ್ಯಚಿತ್ರವೇ ದಾರಿ.

ಬೇಲೂರಿನಲ್ಲಿ ಮದನಿಕೆಯ ಚೆಲುವು ನೋಡಿದ ಮೇಲೆ ಬಲ್ಲವರು ಕಣ್ಣನ್ನು ಕೆಳಗಿಳಿಸುತ್ತಾರೆ. ದಾಸೋಜ, ಚಾವಣರಂಥ ರೂವಾರಿಗಳ ಹೆಸರು ಇರುವುದು ಅಲ್ಲಿ. ಜ್ವಾಲಾಮುಖಿ ಚಿತ್ರ ನೋಡುವಾಗಲೂ ಇದೇ ಅಭ್ಯಾಸ ಬೇಕು. ಉರಿಯನ್ನು ನೋಡಿ, ಕೂಡಲೇ ಕೇಳಿಕೊಳ್ಳಿ: ಕ್ಯಾಮೆರಾ ಹಿಡಿದವರು ಯಾರು, ಎಲ್ಲಿ ನಿಂತಿದ್ದರು?

ಉತ್ತರ ಚಿತ್ರದೊಳಗೇ ಸಿಗುತ್ತದೆ. ದೂರದಿಂದ ಉದ್ದನೆಯ ಲೆನ್ಸಿನಲ್ಲಿ ಹಿಡಿದರೆ ಹಿಂದಿನ ಲಾವಾ ಮುಂದಿನ ಮನುಷ್ಯನ ಬೆನ್ನಿಗೇ ಅಂಟಿದಂತೆ ಕಾಣುತ್ತದೆ; ನಡುವೆ ಎಷ್ಟೋ ಮಾರು ಬಯಲಿರಬಹುದು. ಎತ್ತರವೂ ಮೋಸ ಮಾಡುತ್ತದೆ. ಚೌಕಟ್ಟಿನಲ್ಲಿ ಮನುಷ್ಯನಾಗಲಿ ಮರವಾಗಲಿ ಇಲ್ಲದಿದ್ದರೆ ಲಾವಾ ಕಾರಂಜಿ ಇಪ್ಪತ್ತು ಮೀಟರೋ ಇನ್ನೂರೋ ತಿಳಿಯದು. ಆಗ ಗಡಿಯಾರ ನೋಡಿ. ತುದಿ ಮುಟ್ಟಿದ ಕೆಂಡ ಕೆಳಗೆ ಬೀಳಲು ಎರಡು ಸೆಕೆಂಡಾದರೆ ಕಾರಂಜಿ ಸುಮಾರು 20 ಮೀಟರ್, ನಾಲ್ಕೂವರೆಯಾದರೆ ಸುಮಾರು 100. ದೃಶ್ಯದ ವೇಗವನ್ನು ಬದಲಿಸಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ದೊಡ್ಡ ಕಾರಂಜಿ ಸೋಮಾರಿಯಂತೆ ಬೀಳುವುದು ಯಾಕೆಂದು ಒಮ್ಮೆ ಹೊಳೆದರೆ ಮುಂದೆ ಅದನ್ನು ಬರಿಯ ಬೆಳಕೆಂದು ನೋಡಲಾಗುವುದಿಲ್ಲ.

ಇನ್ನು ಸದ್ದು. ಫ್ರಾನ್ಸಿನ ಕಾತ್ಯಾ ಮತ್ತು ಮೊರಿಸ್ ಕ್ರಾಫ್ಟ್ ದಂಪತಿ ಜೀವಮಾನವಿಡೀ 16 ಎಂ.ಎಂ. ರೀಲಿನಲ್ಲಿ ಜ್ವಾಲಾಮುಖಿಗಳನ್ನು ಹಿಡಿದರು. ಆ ರೀಲುಗಳಲ್ಲಿ ಸದ್ದಿರಲಿಲ್ಲ. ಅದೇ ಸಂಗ್ರಹದಿಂದ ಸಾರಾ ಡೋಸಾ 2022ರಲ್ಲಿ 'ಫೈರ್ ಆಫ್ ಲವ್' ಮಾಡಿದಾಗ, ನಾವು ಕೇಳುವ ಗುಡುಗು, ಸಿಡಿತ, ಹೆಜ್ಜೆ ಸಪ್ಪಳವನ್ನೆಲ್ಲ ಆಮೇಲೆ ಕೂಡಿಸಬೇಕಾಯಿತು. ಇದನ್ನು ಮೋಸವೆನ್ನಲಾರೆ, ಅದೂ ಕಲೆಯೇ. ಆದರೆ ಒಂದು ದೃಶ್ಯವನ್ನು ಸದ್ದು ಅಡಗಿಸಿ ನೋಡಿ, ಮತ್ತೆ ಸದ್ದಿನೊಂದಿಗೆ ನೋಡಿ. ನಿಮ್ಮ ಹೆದರಿಕೆಯಲ್ಲಿ ಬೆಟ್ಟದ ಪಾಲೆಷ್ಟು, ಸಂಕಲನಕಾರರ ಪಾಲೆಷ್ಟು ಎಂಬುದು ಬೇರೆಯಾಗುತ್ತದೆ.

ಹೊಸಬರಿಗೆ ನಾನು ಕೊಡುವ ಮೊದಲ ಪಾಠವೇ ಈ ಚಿತ್ರ. ಅದರ ಬೆನ್ನಿಗೇ ಅದೇ ವರ್ಷ ವರ್ನರ್ ಹೆರ್ಜಾಗ್ ಅದೇ ದಂಪತಿಯ ರೀಲುಗಳಿಂದ ಕಟ್ಟಿದ 'ದಿ ಫೈರ್ ವಿದಿನ್' ನೋಡಿ. ಒಂದೇ ಸಾಮಗ್ರಿಯಲ್ಲಿ ಡೋಸಾ ಪ್ರೇಮಕಥೆ ಕಂಡರು. ಹೆರ್ಜಾಗ್ ಇಬ್ಬರು ಚಲನಚಿತ್ರಕಾರರನ್ನು ಕಂಡು, ಹೆಚ್ಚಿನ ಕಡೆ ಮಾತು ನಿಲ್ಲಿಸಿ ಸಂಗೀತಕ್ಕೆ ಬಿಟ್ಟುಕೊಟ್ಟರು. ನನಗೆ ಎರಡನೆಯದೇ ಹತ್ತಿರ.

ಕ್ರಾಫ್ಟ್ ದಂಪತಿ ಜ್ವಾಲಾಮುಖಿಗಳನ್ನು ಕೆಂಪು, ಬೂದು ಎಂದು ಎರಡಾಗಿ ನೋಡುತ್ತಿದ್ದರು. ಹವಾಯಿ, ಐಸ್‌ಲ್ಯಾಂಡಿನವು ಕೆಂಪು. ಲಾವಾ ಹರಿಯುತ್ತದೆ, ಎಚ್ಚರವಿದ್ದರೆ ಬಳಿ ಸಾರಬಹುದು. ಬೂದು ಬಣ್ಣದವು ಸಿಡಿಯುವಂಥವು, ಕೊಲ್ಲುವುದರಲ್ಲಿ ಇವೇ ಮುಂದು. 1985ರ ನವೆಂಬರ್ 13ರಂದು ಕೊಲಂಬಿಯಾದ ನೆವಾದೊ ದೆಲ್ ರೂಯಿಸ್ ಸಿಡಿದು, ಹಿಮ ಕರಗಿ ಇಳಿದ ಕೆಸರು ಆರ್ಮೆರೊ ಪಟ್ಟಣವನ್ನು ಮುಚ್ಚಿತು. ಸತ್ತವರು ಸುಮಾರು 23,000. ಕೆಂಪು ಚಿತ್ರಗಳು ಕಣ್ಣನ್ನು ಬೇಗ ಗೆಲ್ಲುತ್ತವೆ. ಬಣ್ಣವಿಲ್ಲದ ಬೂದಿಮೋಡ ಇಳಿಜಾರಿನಲ್ಲಿ ಉರುಳಿ ಬರುವ ಹತ್ತು ಸೆಕೆಂಡನ್ನು ಉಸಿರು ಬಿಗಿಹಿಡಿದು ನೋಡಬಲ್ಲವರೇ ಈ ಕಲೆಯ ರಸಿಕರು ಎಂಬುದು ನನ್ನ ನಂಬಿಕೆ.

ಕ್ರಾಫ್ಟ್‌ರ ಮಟ್ಟಿಗೆ ಆ ಮೋಡ ಬರಿಯ ದೃಶ್ಯವಾಗಿ ಉಳಿಯಲಿಲ್ಲ. ಆರ್ಮೆರೊದ ನಂತರ ಅವರು ಜನರನ್ನು ಎಚ್ಚರಿಸುವ ವಿಡಿಯೊ ತಯಾರಿಸಲು ತೊಡಗಿದರು. 1991ರ ಜೂನ್ 3ರಂದು ಜಪಾನಿನ ಉನ್ಜೆನ್ ಬೆಟ್ಟದ ಉರಿಬೂದಿಯ ಪ್ರವಾಹ ಅವರಿಬ್ಬರೂ ಸೇರಿ 43 ಜನರನ್ನು ಬಲಿ ತೆಗೆದುಕೊಂಡಿತು. ಅವರ ವಿಡಿಯೊವನ್ನು ಆ ಹೊತ್ತಿಗೆ ಫಿಲಿಪ್ಪೀನ್ಸಿನ ಪಿನತುಬೊ ಸುತ್ತಲಿನ ಅಧಿಕಾರಿಗಳಿಗೂ ಜನರಿಗೂ ತೋರಿಸಲಾಗಿತ್ತು. ಜೂನ್ 15ರಂದು ಪಿನತುಬೊ ಭಾರಿಯಾಗಿ ಸಿಡಿಯುವ ಮುನ್ನ ಹತ್ತಾರು ಸಾವಿರ ಜನ ಊರು ಬಿಟ್ಟದ್ದರಲ್ಲಿ ಆ ವಿಡಿಯೊದ ಪಾಲೂ ಇದೆ. ಸಾಕ್ಷ್ಯಚಿತ್ರದಿಂದ ಇದಕ್ಕಿಂತ ದೊಡ್ಡದನ್ನು ನಾನು ಕೇಳಲಾರೆ.

ಸಿಡಿಯದ ಬೆಟ್ಟದ ಚಿತ್ರವನ್ನೂ ಬಿಡಬೇಡಿ. ಹೆರ್ಜಾಗರ 'ಲಾ ಸೂಫ್ರಿಯೇರ್' (1977) ಅರ್ಧ ಗಂಟೆಯದು. 1976ರಲ್ಲಿ ಗ್ವಾದಲೂಪ್ ದ್ವೀಪದಲ್ಲಿ ಬೆಟ್ಟದ ಸುತ್ತಲಿನ 70 ಸಾವಿರಕ್ಕೂ ಹೆಚ್ಚು ಜನರನ್ನು ತೆರವು ಮಾಡಿಸಿದ ಮೇಲೆ ಹೆರ್ಜಾಗ್ ಇಬ್ಬರು ಛಾಯಾಗ್ರಾಹಕರೊಂದಿಗೆ ಅಲ್ಲಿನ ಬರಿದಾದ ಪಟ್ಟಣಕ್ಕೆ ಹೋದರು. ಬೀದಿಯಲ್ಲಿ ಆಳಿಲ್ಲ, ಸಿಗ್ನಲ್ ದೀಪ ಮಾತ್ರ ಬದಲಾಗುತ್ತಲೇ ಇದೆ. ಹೊರಡಲೊಪ್ಪದ ಬಡವನೊಬ್ಬ ಮರದಡಿ ಮಲಗಿದ್ದಾನೆ. ಎಲ್ಲರೂ ಹೆದರಿದ್ದ ಸಿಡಿತ ಆಗಲೇ ಇಲ್ಲ. ಬೆಂಕಿಯಿಲ್ಲದೆ ಕಾಯುವಿಕೆಯೊಂದರಿಂದಲೇ ಚಿತ್ರ ನಿಲ್ಲುತ್ತದೆ. ಮೊದಲ ಸಲ ಬೇಸರವಾದರೆ ತಿಂಗಳು ಬಿಟ್ಟು ಮತ್ತೆ ಹಾಕಿ.

ಇಷ್ಟಾದ ಮೇಲೆ ಹವಾಯಿಯಲ್ಲಿ ಕಿಲವೇಯಾ ಲಾವಾ ಕಡಲಿಗಿಳಿದಾಗ ಮುಳುಗುಗಾರರು ನೀರೊಳಗೇ ತೆಗೆದ ದೃಶ್ಯಗಳನ್ನು ಹುಡುಕಿ. ಕಪ್ಪು ಸಿಪ್ಪೆ ಬಿರಿಯುತ್ತದೆ, ಕೆಂಪು ಇಣುಕುತ್ತದೆ, ದಿಂಬಿನಂತೆ ಉಬ್ಬಿ ಕಪ್ಪಾಗುತ್ತದೆ, ಪಕ್ಕದಲ್ಲಿ ಮತ್ತೊಂದು ಬಿರಿಯುತ್ತದೆ. ಆಮೇಲೆ ಒಂದು ರಜೆಯ ದಿನ ಅರಸೀಕೆರೆಯಿಂದ ಚಿತ್ರದುರ್ಗದ ಕಡೆಗೆ ಹೊರಡಿ. ಅಲ್ಲಿನ ಮರಡಿಹಳ್ಳಿಯ ಬಂಡೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಲಾಗಿದೆ. ಸುಮಾರು 250 ಕೋಟಿ ವರ್ಷ ಹಿಂದೆ ನೀರಿನಡಿ ಉಕ್ಕಿದ ದಿಂಬು ಲಾವಾ ಅದು. ಯಾವ ದಿಂಬು ಮೊದಲು ಉಬ್ಬಿತು, ಯಾವುದು ಅದರ ಮೇಲೆ ಬಂದು ಒರಗಿತು ಎಂದು ಬಿಸಿಲಲ್ಲಿ ನಿಂತು ನೀವೇ ಓದಿಕೊಳ್ಳಬಹುದು.