ಮೂವತ್ತೆಂಟು ಟ್ಯಾಕಲ್‌ಗಳ ಲೆಕ್ಕ

ಫ್ರೆಂಚ್ ರಗ್ಬಿ ಎಂದರೆ ಬ್ಯಾಕ್‌ಗಳ ಸೊಗಸು, ಫಾರ್ವರ್ಡ್‌ಗಳದ್ದು ಬರೀ ಕೂಲಿ ಕೆಲಸ ಎಂಬ ಹಳೇ ರಾಗ ಮತ್ತೆ ಕಿವಿಗೆ ಬಿದ್ದಿದೆ. ‘ಫ್ಲೇರ್’ ಪಂಥದವರ ಚೀಲದಲ್ಲಿ ಸದಾ ಇರುವುದು ಎರಡೇ ಸರಕು: 1987ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ಲಾಂಕೊ ಹೊಡೆದ ಟ್ರೈ, 1994ರಲ್ಲಿ ಈಡನ್ ಪಾರ್ಕ್‌ನಲ್ಲಿ ಸಾದುರ್ನಿ ಮುಗಿಸಿದ ಟ್ರೈ. ಎರಡೂ ಚಂದವೇ, ತಕರಾರಿಲ್ಲ. ನನ್ನ ಕಡೆಯ ಸಾಕ್ಷಿ ಮಾತ್ರ ಫ್ರಾನ್ಸ್ ತಂಡದ ಫಾರ್ವರ್ಡ್ ತಿಯೆರಿ ದ್ಯುಸೋತ್ವಾರ್.

ಹುಟ್ಟಿದ್ದು ಐವರಿ ಕೋಸ್ಟ್‌ನ ಆಬಿಜಾನ್‌ನಲ್ಲಿ. ಬಾಲ್ಯದಲ್ಲಿ ಜೂಡೊ, ರಗ್ಬಿ ಹಿಡಿದದ್ದು ಹದಿಹರೆಯದಲ್ಲಿ, ತಡವಾಗಿಯೇ. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. 2007ರ ವಿಶ್ವಕಪ್‌ಗೆ ಮೊದಲು ಆರಿಸಿದ ತಂಡದಲ್ಲಿ ಹೆಸರೇ ಇರಲಿಲ್ಲ, ತಂಡದಲ್ಲಿದ್ದ ವರ್ಮ್ಯೂಲೆನ್ ಗಾಯಗೊಂಡದ್ದರಿಂದ ಕರೆ ಬಂತು. ಹಾಗೆ ಬಂದವನೇ ಕಾರ್ಡಿಫ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ವಿರುದ್ಧ ಒಬ್ಬನೇ 38 ಟ್ಯಾಕಲ್ ಮಾಡಿದ. ಎಂಬತ್ತು ನಿಮಿಷದ ಆಟದಲ್ಲಿ ಮೂವತ್ತೆಂಟು! ನಡುವೆ ಒಂದು ಟ್ರೈ ಬೇರೆ. ಫ್ರಾನ್ಸ್ 20-18ರಲ್ಲಿ ಗೆದ್ದಿತು.

ಆ ಪಂದ್ಯ ನೋಡುವಾಗ ಚೆಂಡು ಬಿಟ್ಟು ದ್ಯುಸೋತ್ವಾರ್ ಮೇಲೆ ಮಾತ್ರ ಕಣ್ಣಿಡಿ. ಭುಜವನ್ನು ತೊಡೆಗೆ ಕೊಡುತ್ತಾನೆ, ತಲೆಯನ್ನು ಪಕ್ಕಕ್ಕೆ ಸರಿಸುತ್ತಾನೆ, ಎರಡು ಕೈಯನ್ನೂ ಬಿಗಿಯಾಗಿ ಸುತ್ತುತ್ತಾನೆ. ಎದುರಾಳಿ ನೆಲ ಮುಟ್ಟುವಷ್ಟರಲ್ಲಿ ಈತ ಎದ್ದು ಮುಂದಿನವನ ದಾರಿಯಲ್ಲಿ ನಿಂತಿರುತ್ತಾನೆ. ಕೆಡವುವುದನ್ನು ಹಲವರು ಬಲ್ಲರು. ಕೊನೆಯ ಹತ್ತು ನಿಮಿಷದಲ್ಲೂ ಹಾಗೆ ಏಳುವುದಿದೆಯಲ್ಲ, ಅದು ಕಷ್ಟ. ಹೈಲೈಟ್ಸ್ ಕತ್ತರಿಸುವವರು ಮೊದಲು ಎಸೆಯುವುದೇ ಆ ಏಳುವ ಕ್ಷಣವನ್ನು.

ಮುಂದೆ ನಾಯಕನಾದ, 2010ರಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಗೆಲ್ಲಿಸಿದ. ಒಟ್ಟು 80 ಟೆಸ್ಟ್, ಅದರಲ್ಲಿ 56ಕ್ಕೆ ನಾಯಕ. ಕ್ಲಬ್ ಮಟ್ಟದಲ್ಲಿ ಬಿಯಾರಿಟ್ಜ್, ಆಮೇಲೆ ತುಲೂಸ್. ಇದನ್ನೆಲ್ಲ ಸಾಲಾಗಿ ಹೇಳಬೇಕೆಂದಿದ್ದೆ, ಆದರೆ ಮನಸ್ಸು 2011ರ ವಿಶ್ವಕಪ್ ಫೈನಲ್‌ಗೇ ಓಡುತ್ತಿದೆ.

ಲೀಗ್ ಹಂತದಲ್ಲಿ ಟೋಂಗಾಕ್ಕೂ ಸೋತು, ಕುಂಟುತ್ತ ಫೈನಲ್ ಸೇರಿದ್ದ ತಂಡವದು. ಈಡನ್ ಪಾರ್ಕ್‌ನಲ್ಲಿ ನ್ಯೂಜಿಲೆಂಡ್ ತಂಡದ ಹಾಕಾ ನೃತ್ಯ ಶುರುವಾದಾಗ ಫ್ರೆಂಚರು ಕೈ ಕೈ ಹಿಡಿದು ಬಾಣದ ಆಕಾರದಲ್ಲಿ ನಿಂತರು. ತುದಿಯಲ್ಲಿ ದ್ಯುಸೋತ್ವಾರ್. ನೃತ್ಯ ಸಾಗಿದಂತೆ ಬಾಣ ಬಿಡಿಸಿಕೊಂಡು ಉದ್ದ ಸಾಲಾಯಿತು, ಸಾಲು ಮುಂದೆ ಮುಂದೆ ನಡೆಯಿತು, ನಡುಗೆರೆಯನ್ನೂ ದಾಟಿತು. ಹಾಕಾ ಎಂದರೆ ಸವಾಲು ತಾನೆ? ಸವಾಲಿಗೆ ಕೈಕಟ್ಟಿ ನಿಲ್ಲುವುದು ಯಾವ ಸೀಮೆಯ ಮರ್ಯಾದೆ? ದ್ವಿತೀಯಾರ್ಧದಲ್ಲಿ ಟ್ರೈ ಹೊಡೆದವನೂ ಈತನೇ. ಕೊನೆಗೆ 8-7, ಒಂದೇ ಪಾಯಿಂಟಿನ ಸೋಲು. ಪಂದ್ಯಶ್ರೇಷ್ಠ ಮಾತ್ರ ಸೋತ ತಂಡದ ನಾಯಕ.

ಆ ನಡುಗೆರೆ ದಾಟಿದ ತಪ್ಪಿಗೆ ಅಂತರರಾಷ್ಟ್ರೀಯ ರಗ್ಬಿ ಮಂಡಳಿ (ಐಆರ್‌ಬಿ) 2,500 ಪೌಂಡ್ ದಂಡ ಹಾಕಿತು. ವರ್ಷದ ಆಟಗಾರ ಪ್ರಶಸ್ತಿಯನ್ನು ದ್ಯುಸೋತ್ವಾರ್‌ಗೆ ಕೊಟ್ಟದ್ದೂ ಅದೇ ಐಆರ್‌ಬಿ.