ಯಾದಗಿರಿ ಸೀಮೆಯ ಆಡುನುಡಿಯಲ್ಲಿ ‘ಜುಲುಮೆ’: ಅರ್ಥ ಮತ್ತು ಬಳಕೆ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಆಡುನುಡಿಯಲ್ಲಿ ಮಿತಿಮೀರಿದ ಹಿಡಿತವನ್ನು ಸೂಚಿಸುವ ಪದಗಳಲ್ಲಿ ‘ಜುಲುಮೆ’ ಮುಖ್ಯವಾದುದು. ಜನರ ಬಾಯಲ್ಲಿ ಅದು ‘ಜುಲ್ಮಿ’. ಮೌಖಿಕ ಸಾಮಗ್ರಿಯನ್ನು ಶಿಷ್ಟಭಾಷೆಗೆ ತರುವಾಗ ಇದಕ್ಕೆ ‘ದಬ್ಬಾಳಿಕೆ’ ಎಂದು ಅರ್ಥ ಕೊಟ್ಟು ಮುಂದೆ ಸಾಗುವುದುಂಟು. ಈ ಸಮೀಕರಣ ಎಷ್ಟರಮಟ್ಟಿಗೆ ಸರಿ ಎಂಬುದು ಪರಿಶೀಲನಾರ್ಹ.

ಪದದ ಮೂಲ ಅರಬ್ಬಿಯ ‘ಜುಲ್ಮ್’. ಅನ್ಯಾಯ, ಕ್ರೌರ್ಯ ಎಂದು ಅರ್ಥ. ದಂಡವೆಂಬರ್ಥದ ‘ಜುಲ್ಮಾನೆ’ ಇದರ ಬಂಧುವಲ್ಲ. ಅಪರಾಧವೆಂಬರ್ಥದ ‘ಜುರ್ಮ್’ನಿಂದ ಬಂದ ‘ಜುರ್ಮಾನಾ’ ಕನ್ನಡದಲ್ಲಿ ಹಾಗಾಗಿದೆ. ಈ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ‘ಜುಲ್ಮಿ’ಯನ್ನು ನಿಜಾಮ ಆಳ್ವಿಕೆಯ ಉಳಿಕೆಯೆಂದು ತಿಳಿಯುವುದು ಸುಲಭ. ಆದರೆ ಸುರಪುರವು ನೇರವಾಗಿ ನಿಜಾಮರ ಆಡಳಿತಕ್ಕೆ ಸೇರಿದ್ದು 1858ರ ಬಂಡಾಯದ ತರುವಾಯ, 1860ರಲ್ಲಿ. ಪಾರಸಿ ಆಡಳಿತ ಪರಿಭಾಷೆಯಾದರೋ ವಿಜಾಪುರದ ಆದಿಲಶಾಹಿಗಳ ಕಾಲದಿಂದಲೇ ಇಲ್ಲಿ ರೂಢಿಯಲ್ಲಿತ್ತು. ಮರಾಠಿ, ತೆಲುಗುಗಳಲ್ಲಿಯೂ ಹಳೆಯ ಮೈಸೂರಿನ ಕನ್ನಡದಲ್ಲಿಯೂ ಈ ಪದವಿದೆ. ಆದ್ದರಿಂದ ಒಂದೇ ಆಳ್ವಿಕೆಗೆ ಇದನ್ನು ಕಟ್ಟಿಹಾಕಲಾಗದು.

ಬಳಕೆಯ ಸಂದರ್ಭಗಳು ಹೆಚ್ಚು ಅರ್ಥಪೂರ್ಣವಾಗಿವೆ. ‘ಸಾಲಕ್ಕ ಜುಲ್ಮಿ ಮಾಡ್ಯಾರ’ ಎಂಬಲ್ಲಿ ಅಧಿಕಾರದ ಅತಿರೇಕವಿದೆ. ‘ಸೊಸಿ ಮ್ಯಾಲ ಭಾಳ ಜುಲ್ಮಿ’ ಎಂಬಲ್ಲಿ ಅದು ಮನೆಯೊಳಗೆ ಬಂದಿದೆ. ‘ವಲ್ಲೆ ಅಂದ್ರೂ ಜುಲ್ಮಿ ಮಾಡಿ ಉಣ್ಸಿದ್ರು’ ಎಂಬಲ್ಲಿಯಾದರೆ ದೂರಿಲ್ಲ, ಕೃತಜ್ಞತೆಯಿದೆ. ಇಲ್ಲಿ ‘ದಬ್ಬಾಳಿಕೆ’ ಎಂದರೆ ಮಾತೇ ಕೆಡುತ್ತದೆ. ‘ದಬ್ಬಾಳಿಕೆ’ಗೆ ಆಳುವವನೊಬ್ಬ ಬೇಕು, ‘ಮೇಲಾದ ಕೈ’ ಎಂಬ ಮೂಲಾರ್ಥದ ‘ಜಬರದಸ್ತಿ’ ಬಲವನ್ನು ಎಣಿಸುತ್ತದೆ. ‘ಜುಲ್ಮಿ’ಯ ಕೇಂದ್ರದಲ್ಲಿರುವುದು ಇನ್ನೊಬ್ಬರ ‘ವಲ್ಲೆ’. ಆ ನಿರಾಕರಣೆಯನ್ನು ಮೀರಿ ನಡೆದುದೆಲ್ಲ ಜುಲ್ಮಿಯೇ.

ಇದರಿಂದಲೇ ಈ ಪದದ ಅಪಾಯವೂ ಹುಟ್ಟುತ್ತದೆ. ‘ಜುಲ್ಮಿ ಮಾಡಿ ಮದಿವಿ ಮಾಡಿದ್ರು’ ಎಂಬ ವಾಕ್ಯವನ್ನು ಹಿರಿಯರು ಹೇಳಿದರೆ ಹೊಣೆ ನಿರ್ವಹಿಸಿದ ಸಮಾಧಾನವಾಗಬಹುದು. ಮದುವೆಯಾದ ಹೆಣ್ಣುಮಗಳು ಹೇಳಿದರೆ ಅದು ದೂರು. ಉಣಬಡಿಸುವಾಗಿನ ಅಕ್ಕರೆಯ ಜುಲ್ಮಿ, ಬದುಕನ್ನೇ ನಿರ್ಧರಿಸುವ ಜುಲ್ಮಿಗೆ ಮರೆಯಾಗಿ ನಿಲ್ಲುತ್ತದೆ. ಸಂಗ್ರಾಹಕನು ಇದನ್ನು ‘ದಬ್ಬಾಳಿಕೆ’ ಎಂದು ತಿದ್ದಿದರೆ ಹೇಳಿದವರಿಗಿಂತ ಮೊದಲೇ ತೀರ್ಪು ಕೊಟ್ಟಂತಾಗುತ್ತದೆ. ‘ಒತ್ತಾಯ’ ಎಂದು ತಿದ್ದಿದರೆ ದೂರನ್ನೇ ಅಳಿಸಿದಂತಾಗುತ್ತದೆ.

ಹೀಗಾಗಿ ಪ್ರಾದೇಶಿಕ ಪದಕೋಶಗಳಲ್ಲಿಯೂ ಕ್ಷೇತ್ರಕಾರ್ಯದ ಬರಹಗಳಲ್ಲಿಯೂ ‘ಜುಲ್ಮಿ’ಯನ್ನು ಇದ್ದ ರೂಪದಲ್ಲಿಯೇ ಉಳಿಸಿ, ಯಾರು, ಯಾರನ್ನು ಕುರಿತು, ಯಾವ ಸಂದರ್ಭದಲ್ಲಿ ಆಡಿದರೆಂಬುದನ್ನು ಜೊತೆಗೆ ದಾಖಲಿಸುವುದು ಅಗತ್ಯ. ಈ ಪದದ ಅರ್ಥವನ್ನು ನಿರ್ಧರಿಸುವುದು ಅದರ ಮೂಲಧಾತುವಲ್ಲ, ಆಡಿದವರ ಸ್ಥಾನ.