ಡಬ್ಬಿಯ ಕೆಸರು, ದಾರಿಯ ಕೆಸರು

ಪುಟಾಣಿ ಟ್ಯಾಂಕುಗಳನ್ನು ಜೋಡಿಸಿ ಬಣ್ಣ ಬಳಿಯುವ ಹವ್ಯಾಸದಲ್ಲಿ ಈಗ ಕೆಸರಿನದೇ ಕಾರುಬಾರು. ಪ್ರದರ್ಶನದ ಮೇಜಿನ ಮೇಲೆ ತೊಳೆದಿಟ್ಟ ಟ್ಯಾಂಕು ಸಿಗುವುದೇ ಅಪರೂಪ. ಗಾಲಿಗೆ ರಾಡಿ ಮೆತ್ತಿರುತ್ತದೆ, ಪಕ್ಕೆಗೆ ರೊಚ್ಚೆ ಸಿಡಿದಿರುತ್ತದೆ, ನೆತ್ತಿಯ ಮೇಲೆ ಧೂಳು ಕೂತಿರುತ್ತದೆ. ಹವ್ಯಾಸಿಗಳು ‘ವೆದರಿಂಗ್’ ಎನ್ನುವ ಈ ಕೆಲಸ ಐದು ದಶಕಗಳಲ್ಲಿ ಬೆರಗಾಗುವಷ್ಟು ಬೆಳೆದಿದೆ. ಆದರೆ ಕೈ ಪಳಗಿದಷ್ಟು ಕಣ್ಣು ಪಳಗಿಲ್ಲ ಎಂಬುದು ನನ್ನ ತಕರಾರು.

ಬೆಳೆದು ಬಂದ ಬಗೆಯನ್ನು ಮೊದಲು ನೋಡೋಣ. 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯಾ ಕಂಪನಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಕಿಟ್ ತಂದಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಯಬೇಕಿದ್ದರಿಂದ ಅದರ ಅಳತೆ 1/35 ಆಯಿತು. ಆ ಅಳತೆಯೇ ಇವತ್ತಿಗೂ ರೂಢಿಯಲ್ಲಿದೆ. ಮುಂದೆ ಅಮೆರಿಕದ ಶೆಪ್ ಪೇನ್, ಬೆಲ್ಜಿಯಂನ ಫ್ರಾಂಸ್ವಾ ವರ್ಲಿಂಡನ್ ಅಂಥವರು ಮಾದರಿಯನ್ನು ಕಪಾಟಿನಿಂದ ಇಳಿಸಿ ಡಯೊರಾಮಾ ಎಂಬ ಕಿರುದೃಶ್ಯದ ನೆಲದ ಮೇಲೆ ನಿಲ್ಲಿಸಿದರು. ತೆಳು ಮಾಡಿದ ಕಡುಬಣ್ಣವನ್ನು ಸಂದುಗಳಿಗೆ ಇಳಿಬಿಡುವ ವಾಶ್, ಬಣ್ಣವನ್ನು ಬಹುಪಾಲು ಒರೆಸಿದ ಕುಂಚದಿಂದ ಅಂಚು ಸವರುವ ಡ್ರೈಬ್ರಶಿಂಗ್ ಆ ಕಾಲದ ಮುಖ್ಯ ಅಸ್ತ್ರಗಳು. ಆಮೇಲೆ ಸ್ಪೇನಿನ ಮಿಗ್ ಹಿಮೆನೆಜ್ ಮತ್ತು ಅವರ ಓರಗೆಯವರು ಒಣ ಪಿಗ್ಮೆಂಟ್ ಪುಡಿಯನ್ನು ಮನೆಮಾತು ಮಾಡಿದರು. ಈಗ ಹಸಿ ಕೆಸರು, ಒಣ ಕೆಸರು, ಸಿಡಿದ ಕೆಸರು ಎಂದು ಚೀಟಿ ಅಂಟಿಸಿದ ಡಬ್ಬಿಗಳೇ ಮಾರಾಟಕ್ಕಿವೆ.

ಪಿಗ್ಮೆಂಟಿನ ಗೆಲುವಿಗೆ ಕಾರಣ ಅಳತೆಯ ಲೆಕ್ಕ. ಅರ್ಧ ಮಿಲಿಮೀಟರಿನ ಮರಳಿನ ಕಾಳು 1/35 ಮಾದರಿಯ ಮೇಲೆ ಕೂತರೆ ಹದಿನೇಳೂವರೆ ಮಿಲಿಮೀಟರಿನ ಜಲ್ಲಿಯಂತೆ ಕಾಣುತ್ತದೆ. 1/72ರಲ್ಲಿ ಅದೇ ಕಾಳು 36 ಮಿಲಿಮೀಟರಿನ ಕಲ್ಲು. ಹಿತ್ತಲ ಮಣ್ಣನ್ನು ಎಷ್ಟು ಜರಡಿ ಹಿಡಿದರೂ ಈ ತೊಂದರೆ ಪೂರಾ ತಪ್ಪುವುದಿಲ್ಲ. ಪಿಗ್ಮೆಂಟ್ ಪುಡಿ ಅದಕ್ಕಿಂತ ಎಷ್ಟೋ ನಯ. ಅದನ್ನು ಪ್ಲಾಸ್ಟರ್ ಮತ್ತು ಅಕ್ರಿಲಿಕ್ ಅಂಟಿನ ಜೊತೆ ಕಲಸಿದರೆ ಮೆತ್ತುವ ಕೆಸರು, ಥಿನ್ನರಿನಲ್ಲಿ ಕದಡಿದರೆ ಹರಿಯುವ ರಾಡಿ, ಒಣದಾಗಿಯೇ ಉದುರಿಸಿದರೆ ಧೂಳು. ಕುಂಚ ಅದ್ದಿ, ಏರ್‌ಬ್ರಶ್ಶಿನ ಗಾಳಿ ಊದಿ ಸಿಡಿಸಿದರೆ ರೊಚ್ಚೆ. ಒಂದೇ ಪುಡಿಯಿಂದ ಇಷ್ಟೆಲ್ಲ ಹೊರಡಿಸುವುದು ಸಣ್ಣ ಸಾಧನೆಯಲ್ಲ.

ತಕರಾರು ಶುರುವಾಗುವುದು ಇದಾದ ಮೇಲೆ. ಬಹುಪಾಲು ಮಾದರಿಗಳಲ್ಲಿ ಕೆಸರು ಎಲ್ಲ ಕಡೆ ಸಮನಾಗಿ ಬಿದ್ದಿರುತ್ತದೆ. ನಿಜವಾದ ಬಂಡಿಯಲ್ಲಿ ಕೆಸರಿಗೆ ದಿಕ್ಕುಂಟು. ಟ್ರ್ಯಾಕು ನೆಲದಿಂದ ಎತ್ತಿದ ಮಣ್ಣು ಹಿಂಬದಿಗೂ ಮಡ್‌ಗಾರ್ಡಿನ ಒಳಮೈಗೂ ಹೆಚ್ಚು ಬಡಿಯುತ್ತದೆ. ಉಕ್ಕು ಉಕ್ಕನ್ನು ಉಜ್ಜುವ ಕಡೆ, ಅಂದರೆ ಟ್ರ್ಯಾಕು ಎಳೆಯುವ ಹಲ್ಲುಗಾಲಿಯ ಹಲ್ಲುಗಳಲ್ಲಿ, ಹಾಗೆಯೇ ಗಟ್ಟಿ ನೆಲ ತೀಡಿದ ಟ್ರ್ಯಾಕಿನ ಏಣುಗಳಲ್ಲಿ, ಮಣ್ಣು ನಿಲ್ಲದೆ ಲೋಹ ಹೊಳೆಯುತ್ತದೆ. ಸೈನಿಕರು ಕಾಲಿಟ್ಟು ಹತ್ತುವ ಜಾಗದಲ್ಲಿ ಬೂಟಿನ ಮಣ್ಣು ಇರುತ್ತದೆ, ಆದರೆ ಅವರ ಕಾಲು ತಾಗದ ಮೂಲೆಗೆ ಅದು ಹೋಗುವುದಿಲ್ಲ. ಸೈಲೆನ್ಸರಿನ ಕಾವಿಗೆ ಹತ್ತಿರದ ಕೆಸರು ಮೊದಲು ಒಣಗಿ ಬಿಳಿಚಿಕೊಳ್ಳುತ್ತದೆ. ನಿನ್ನೆಯದು ತಿಳಿಬಣ್ಣದಲ್ಲಿ ಅಡಿಗಿದ್ದರೆ ಇವತ್ತಿನದು ಕಪ್ಪಗೆ, ಮಿನುಗುತ್ತ ಮೇಲಿರುತ್ತದೆ. ಈ ವಿವರಗಳನ್ನು ಯಾವ ಡಬ್ಬಿಯೂ ತುಂಬಿಕೊಡದು.

ಪ್ಯಾಂಥರನ್ನೇ ತೆಗೆದುಕೊಳ್ಳಿ. ಸುಮಾರು 45 ಟನ್ ತೂಗುತ್ತಿದ್ದ ಅದರ ಗಾಲಿಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ರಷ್ಯಾದ ರಣರಂಗದಲ್ಲಿ ಆ ಸಂದುಗಳಿಗೆ ಕೆಸರು ಗಿಡಿದು, ರಾತ್ರಿ ಹೆಪ್ಪುಗಟ್ಟಿ, ಬೆಳಿಗ್ಗೆ ಗಾಲಿ ತಿರುಗದಂತೆ ಹಿಡಿಯುತ್ತಿತ್ತು. ಪ್ಯಾಂಥರಿನ ಮಟ್ಟಿಗೆ ಕೆಸರು ಅಲಂಕಾರವಾಗಿರಲಿಲ್ಲ, ಇನ್ನೊಬ್ಬ ಶತ್ರುವಾಗಿತ್ತು. ಹಾಗಿದ್ದೂ ಅದೆಷ್ಟೋ ಮಾದರಿಗಳಲ್ಲಿ ಹೊರಗಾಲಿಯ ಮೇಲೆ ಮೂರು ಬಗೆಯ ರಾಡಿ, ಸಂದಿಯೊಳಗೆ ಖಾಲಿ ಪ್ಲಾಸ್ಟಿಕ್. ಕೆಸರು ಎಲ್ಲಿ ಬಂಡಿಯನ್ನು ಸೋಲಿಸಿತೋ ಅಲ್ಲೇ ಅದು ಕಾಣೆಯಾದರೆ ಮಾದರಿ ಇತಿಹಾಸದ ಮುಖ್ಯ ಮಾತನ್ನೇ ಬಿಟ್ಟಂತಾಯಿತು.

ಬಣ್ಣದ ವಿಷಯದಲ್ಲೂ ಇದೇ ಕಥೆ. ಉಕ್ರೇನಿನ ಮಣ್ಣು ಕಪ್ಪು, ಉತ್ತರ ಆಫ್ರಿಕದ ಧೂಳು ತಿಳಿ ಹಳದಿ, ವಿಯೆಟ್ನಾಮಿನ ಎತ್ತರದ ನಾಡಿನದು ಇಟ್ಟಿಗೆಗೆಂಪು. ಧಾರವಾಡದ ಎರೆಹೊಲದಿಂದ ಕರಾವಳಿಯ ಮುರಕಲ್ಲಿನ ನಾಡಿಗೆ ಮಳೆಗಾಲದಲ್ಲಿ ಇಳಿದವರ ಚಪ್ಪಲಿಯೇ ಈ ಪಾಠ ಹೇಳುತ್ತದೆ. ಆದರೂ ಮಾದರಿಕಾರರು ಒಂದೇ ಕಂದು ಹಿಡಿದು ಮೂರು ಖಂಡ ಸುತ್ತುತ್ತಾರೆ. ಯುದ್ಧಕಾಲದ ಫೋಟೊಗಳಲ್ಲಿ ಹೆಚ್ಚಿನವು ಕಪ್ಪು-ಬಿಳುಪು. ಅವುಗಳಲ್ಲಿ ಮಣ್ಣಿನ ಬಣ್ಣ ಸಿಗುವುದಿಲ್ಲ. ಕೆಸರು ಎಲ್ಲಿ ನಿಂತಿದೆ, ಎಷ್ಟು ದಪ್ಪಗಿದೆ ಎಂಬುದು ಮಾತ್ರ ಚೆನ್ನಾಗಿ ಸಿಗುತ್ತದೆ. ವಿಚಿತ್ರವೆಂದರೆ ಬಣ್ಣದ ಬಗ್ಗೆ ನಡೆಯುವಷ್ಟು ಜಗಳ ಜಾಗದ ಬಗ್ಗೆ ನಡೆಯುವುದಿಲ್ಲ.

ಕೆಸರನ್ನು ಹೀಗೆ ಹೆಚ್ಚಿಸಿ ತೋರಿಸುವ ಶೈಲಿಯ ಪರವಾಗಿ ಒಂದು ಗಟ್ಟಿ ವಾದವಿದೆ. ಅಂಗೈಯಗಲದ ವಸ್ತುವಿನ ಮೇಲೆ ಬಿಸಿಲು, ದೂರ, ತೂಕ ಮೂರೂ ತಾವಾಗಿ ಬರುವುದಿಲ್ಲ. ಆದ್ದರಿಂದ ನೆರಳನ್ನು ಕಡುಮಾಡಿ, ರೊಚ್ಚೆಯನ್ನು ಎದ್ದು ಕಾಣಿಸಿ ಹೇಳಬೇಕಾಗುತ್ತದೆ. ಯಕ್ಷಗಾನದ ಬಣ್ಣಗಾರಿಕೆ ಹತ್ತಿರದಿಂದ ನೋಡಿದರೆ ಅತಿ ಎನಿಸಿದರೂ ರಂಗದ ಬೆಳಕಿನಲ್ಲಿ ಸರಿ ಹೊಂದುವಂತೆ ಇದು. ಒಪ್ಪುತ್ತೇನೆ. ಆದರೆ ಅಲ್ಲಿ ಒಂದೊಂದು ರೇಖೆಗೂ ವೇಷದ ಸ್ವಭಾವವೇ ಆಧಾರ. ಇಲ್ಲಿ ಹಿಗ್ಗಿಸುವ ವಿವರಕ್ಕೆ ಬಂಡಿ ಸಾಗಿದ ದಾರಿ ಆಧಾರವಾಗಬೇಕು. ಆ ಆಧಾರ ತಪ್ಪಿದರೆ ಉಳಿಯುವುದು ಡಬ್ಬಿಯ ಚೀಟಿಯಲ್ಲಿರುವ ಪರಿಣಾಮ ಮಾತ್ರ.

ಹಾಗಾಗಿ ಇಂಥ ಕೆಲಸವನ್ನು ತೂಗುವಾಗ ಪದರ ಎಷ್ಟು, ಡಬ್ಬಿ ಯಾವುದು ಎಂದು ಕೇಳಿ ಫಲವಿಲ್ಲ. ಈ ಬಂಡಿ ಯಾವ ನೆಲದಿಂದ ಬಂತು, ಮಳೆ ನಿಂತು ಎಷ್ಟು ಹೊತ್ತಾಯಿತು, ಅದು ಓಡುತ್ತಿತ್ತೋ ಹೂತುಹೋಗಿತ್ತೋ ಎಂದು ಕೇಳಬೇಕು. ಉತ್ತರ ಮಾದರಿಯ ಮೈಮೇಲೆಯೇ ಸಿಕ್ಕರೆ ತೆಳುವಾದ ಎರಡು ವಾಶ್ ಸಾಕು. ಸಿಗದಿದ್ದರೆ ಸೇರು ಪಿಗ್ಮೆಂಟ್ ಸುರಿದರೂ ಅದು ಮಣ್ಣಿನ ಬಣ್ಣದ ಪ್ಲಾಸ್ಟಿಕ್ ಅಷ್ಟೇ. ಇವತ್ತಿನ ಮಾದರಿಕಾರರಿಗೆ ಹೊಸ ಡಬ್ಬಿಗಿಂತ ಹಳೆಯ ಫೋಟೊ, ಮಳೆಗಾಲದ ರಸ್ತೆ, ಹೊಲದಿಂದ ಈಗಷ್ಟೇ ಬಂದ ಟ್ರ್ಯಾಕ್ಟರು ಹೆಚ್ಚು ಕಲಿಸಬಲ್ಲವು. ಹೇಗೆ ಮೆತ್ತಬೇಕೆಂದು ಬಹಳ ಜನ ಕಲಿತಿದ್ದಾರೆ. ಎಲ್ಲಿ ಮೆತ್ತಬಾರದೆಂದು ಬಲ್ಲವರು ಕಡಿಮೆ, ಮತ್ತು ಈ ಕಲೆಯಲ್ಲಿ ಮೇಲುಗೈ ಅವರದೇ.